ಹಳೆ ಮರದ ದೋಣಿಗೆ ಎಂಜಿನ್ ಕೂಡಿಸುವವರು ಇದನ್ನು ಓದಿ

ಹಳೆ ಮರದ ದೋಣಿ ರಿಪೇರಿ ಮಾಡಿಸಿ ಎಂಜಿನ್ ಕೂಡಿಸಬೇಕು ಅಂದುಕೊಂಡಿದ್ದೀರಾ? ದಯವಿಟ್ಟು ಮೊದಲೇ ಹೋಗಿ ಎಂಜಿನ್ ಕೊಳ್ಳಬೇಡಿ. ನಾವು ಹಾಗೇ ಮಾಡಿದೆವು. ಕಳೆದ ವರ್ಷ ಆಗಸ್ಟ್‌ನಲ್ಲಿ ಆಲಮಟ್ಟಿ ಹಿನ್ನೀರಿನ ನಡುವೆ ನಾಲ್ಕು ಜನ ಮುಳುಗುವುದರಲ್ಲಿದ್ದೆವು.

ನಮ್ಮದು ಬೀಳಗಿ ತಾಲ್ಲೂಕು. ಜಲಾಶಯ ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ, ತುಂಬಿದರೆ ನಮ್ಮ ಹೊಲದ ಹಳೆ ದಾರಿ ನೀರಿನಡಿ ಹೋಗುತ್ತದೆ. ರಸ್ತೆ ಹಿಡಿದು ಸುತ್ತು ಹಾಕಿದರೆ ಅರ್ಧ ದಿನ ಅದಕ್ಕೇ ಬೇಕು. ಅಪ್ಪ ಹುಟ್ಟು ಹಾಕಿ ನಡೆಸುತ್ತಿದ್ದ 24 ಅಡಿಯ ಮರದ ದೋಣಿ ನಾಲ್ಕು ವರ್ಷದಿಂದ ಕೊಟ್ಟಿಗೆ ಪಕ್ಕ ಕವುಚಿ ಬಿದ್ದಿತ್ತು. ಒಳ್ಳೆ ಸಾಗುವಾನಿ. ಅದಕ್ಕೆ ಮತ್ತೆ ಜೀವ ಕೊಡೋಣ ಅಂತ ತಮ್ಮನೂ ನಾನೂ ಮನಸ್ಸು ಮಾಡಿದೆವು.

ಗ್ಯಾರೇಜಿನವರೊಬ್ಬರು ಹಳೆ ಟೆಂಪೊದ ಡೀಸೆಲ್ ಎಂಜಿನ್ ತೋರಿಸಿದರು. 35 ಎಚ್‌ಪಿ. ಅದರದೇ ಗೇರ್‌ಬಾಕ್ಸ್ ಕೂಡ ಜೊತೆಗಿತ್ತು. ‘ಎಚ್‌ಪಿ ಜಾಸ್ತಿ ಇದ್ದಷ್ಟೂ ದೋಣಿ ಓಡ್ತದ’ ಅಂದರು. ಬೆಲೆ ಕಡಿಮೆ ಇತ್ತು, ನಂಬಿದೆವು.

ಆ ಮಾತು ನಮ್ಮಂಥ ದೋಣಿಗೆ ಸುಳ್ಳು. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ ಎಷ್ಟು ಅಡಿ ಅಂತ ಅಳೆಯಿರಿ. ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ನಾಟ್ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ದೋಣಿ ನೀರಲ್ಲಿ 20 ಅಡಿ. ಅಂದರೆ 6 ನಾಟ್, ತಾಸಿಗೆ ಸುಮಾರು 11 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ತಳ್ಳಿದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೋಗಿ ಹಿಂದೆ ಕುಸಿಯುತ್ತದೆ. ಡೀಸೆಲ್ ಸುಮ್ನೆ ಸುಡುತ್ತದೆ. ಇಂಥ ದೋಣಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ 3–4 ಎಚ್‌ಪಿ ಸಾಕು. ಮೂರು ಟನ್ ಅಂದರೂ ನಮಗೆ 12 ಎಚ್‌ಪಿ ಆಗುತ್ತಿತ್ತು.

ಆದರೆ ನಮ್ಮನ್ನು ಮುಳುಗಿಸಲು ಬಂದದ್ದು ಎಚ್‌ಪಿ ಅಲ್ಲ. ಎಂಜಿನ್‌ನಿಂದ ಫ್ಯಾನ್‌ವರೆಗಿನ (ನೀರೊಳಗೆ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರ್) ಜೋಡಣೆ. ಇದರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

ಟೆಂಪೊದಲ್ಲಿ ಗೇರ್‌ಬಾಕ್ಸ್‌ನ ಕೆಲಸ ಶಾಫ್ಟ್ ತಿರುಗಿಸುವುದು ಅಷ್ಟೇ. ಗಾಡಿಯನ್ನು ಮುಂದೆ ತಳ್ಳುವ ಬಲ ಗಾಲಿಯಿಂದ ಆಕ್ಸಲ್‌ಗೆ, ಅಲ್ಲಿಂದ ಚಾಸಿಗೆ ಹೋಗುತ್ತದೆ. ದೋಣಿಯಲ್ಲಿ ಹಾಗಲ್ಲ. ಫ್ಯಾನ್ ನೀರನ್ನು ಹಿಂದೆ ತಳ್ಳಿದಾಗ ಅಷ್ಟೇ ಬಲ ಶಾಫ್ಟ್‌ನ ಗುಂಟ ಮುಂದೆ ಬರುತ್ತದೆ. ದೋಣಿಯನ್ನು ತಳ್ಳುವುದೇ ಆ ಬಲ. ಅದನ್ನು ಹಿಡಿಯಲು ಥ್ರಸ್ಟ್ ಬೇರಿಂಗ್ ಬೇಕು. ದೋಣಿಗೆಂದೇ ಮಾಡಿದ ಮರೀನ್ ಗೇರ್‌ಬಾಕ್ಸ್‌ನಲ್ಲಿ ಅದು ಇರುತ್ತದೆ. ನಮ್ಮದರಲ್ಲಿ ಇರಲಿಲ್ಲ. ದೋಣಿ ತಳ್ಳುವ ಬಲವೆಲ್ಲ ಟೆಂಪೊ ಗೇರ್‌ಬಾಕ್ಸ್‌ನ ಬೇರಿಂಗ್ ಮೇಲೆ ಬಿತ್ತು.

ಟಾಪ್ ಗೇರಿನಲ್ಲಿ ಓಡಿಸುತ್ತಿದ್ದುದರಿಂದ ಫ್ಯಾನ್ ಕೂಡ ಎಂಜಿನ್‌ನಷ್ಟೇ ಜೋರಾಗಿ ತಿರುಗುತ್ತಿತ್ತು. ಹಾಗೆ ತಿರುಗಬೇಕಾದರೆ ಚಿಕ್ಕ ಫ್ಯಾನೇ ಹಾಕಬೇಕು. ಭಾರದ ದೋಣಿಗೆ ಅದು ನೊರೆ ಎಬ್ಬಿಸುತ್ತದೆ, ತಳ್ಳುವುದಿಲ್ಲ. 2:1 ಅಥವಾ 3:1 ರಿಡಕ್ಷನ್ (ಎಂಜಿನ್ ಎರಡು ಅಥವಾ ಮೂರು ಸುತ್ತು ತಿರುಗಿದರೆ ಫ್ಯಾನ್ ಒಂದು ಸುತ್ತು) ಇದ್ದು, ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದರೆ ಅದೇ ಎಣ್ಣೆಯಲ್ಲಿ ಎಷ್ಟೋ ಜಾಸ್ತಿ ಕೆಲಸ ಆಗುತ್ತದೆ.

ಇನ್ನೊಂದು ತಪ್ಪು ನಮ್ಮದೇ. ನಾಲ್ಕು ವರ್ಷ ಒಣಗಿದ ಹಲಗೆ ಸಂದು ಬಿಟ್ಟಿತ್ತು. ಸಂದಿಗೆ ಹತ್ತಿ, ರಾಳ ತುಂಬಿಸಿ, ದೋಣಿ ಇನ್ನೂ ದಂಡೆಯ ಮೇಲಿರುವಾಗಲೇ ಎಂಜಿನ್ ಕೂಡಿಸಿ, ಶಾಫ್ಟ್ ನೇರ ಮಾಡಿ, ಬೋಲ್ಟ್ ಬಿಗಿದೆವು. ಮರದ ದೋಣಿ ನೀರಿಗಿಳಿದ ಮೇಲೆ ಹಲಗೆ ಊದುತ್ತದೆ, ದೋಣಿಯ ಆಕಾರ ಸ್ವಲ್ಪ ಬದಲಾಗುತ್ತದೆ. ದಂಡೆಯ ಮೇಲೆ ನೇರ ಇದ್ದ ಶಾಫ್ಟ್ ನೀರಲ್ಲಿ ಸೊಟ್ಟಗಾಗುತ್ತದೆ. ದೋಣಿ ಕೆಲವು ದಿನ ನೀರಲ್ಲಿ ನೆನೆದ ಮೇಲೆ ಗೇರ್‌ಬಾಕ್ಸ್‌ಗೂ ಶಾಫ್ಟ್‌ಗೂ ಜೋಡಿಸುವ ಕಪ್ಲಿಂಗ್ ಬಿಚ್ಚಿ, ನಾಲ್ಕೂ ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಬೇಕು. 100 ಮಿ.ಮೀ. ಅಗಲದ ಕಪ್ಲಿಂಗ್‌ನಲ್ಲಿ ಒಂದು ಕಡೆಗೂ ಎದುರು ಕಡೆಗೂ 0.1 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಮ್ಮದು ಆಮೇಲೆ ಅಳೆದಾಗ ಅದರ ಹತ್ತು ಪಟ್ಟು ಇತ್ತು.

ಆ ದಿನ ಮೇವು, ಗೊಬ್ಬರದ ಚೀಲ ಹೇರಿಕೊಂಡು ಹೊರಟಿದ್ದೆವು. ಪಶ್ಚಿಮದ ಗಾಳಿ ಜೋರಿತ್ತು. ಅರ್ಧ ದಾರಿಗೆ ಎಂಜಿನ್ ಕಾದು ಹಬೆ ಬಂತು. ರಸ್ತೆಯಲ್ಲಿ ರೇಡಿಯೇಟರ್‌ಗೆ ಸಿಗುವ ಗಾಳಿ, ದೋಣಿಯಲ್ಲಿ ಎಂಜಿನ್ ಮುಚ್ಚಿದ ಪೆಟ್ಟಿಗೆಯೊಳಗೆ ಎಲ್ಲಿಂದ ಬರಬೇಕು? ಅದನ್ನು ನೋಡಲು ಮುಚ್ಚಳ ತೆಗೆದಾಗ ಕೆಳಗೆ ಮೊಣಕಾಲುದ್ದ ನೀರು ಕಂಡಿತು. ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಕಡೆ ನೀರು ತಡೆಯುವ ಗ್ಲ್ಯಾಂಡ್ ಇರುತ್ತದೆ; ಸೊಟ್ಟ ಶಾಫ್ಟ್ ಕುಣಿದು ಕುಣಿದು ಅದರೊಳಗೆ ಸುತ್ತಿದ ಡೋರಿ ತಿಂದುಹಾಕಿತ್ತು. ಗ್ಲ್ಯಾಂಡ್‌ನಿಂದ ಹನಿ ಹನಿ ಬರಬೇಕು, ನಮ್ಮಲ್ಲಿ ನಲ್ಲಿ ಬಿಟ್ಟಂತೆ ಬರುತ್ತಿತ್ತು. ಅದುರುವಿಕೆಗೆ ತಳದ ಎರಡು ಸಂದೂ ಬಾಯಿ ಬಿಟ್ಟಿದ್ದವು. ಎಂಜಿನ್ ಕೂರಿಸಿದ್ದು ಎರಡೇ ಅಡ್ಡ ಮರದ ಮೇಲೆ. ಉದ್ದನೆಯ ತೊಲೆ ಹಾಕಿ ಭಾರವನ್ನು ಐದಾರು ಮರಕ್ಕೆ ಹಂಚಬೇಕಿತ್ತು.

ಗೊಬ್ಬರ ನೀರಿಗೆ ಚೆಲ್ಲಿದೆವು. ಬಕೆಟ್‌ನಿಂದ ಎತ್ತಿ ಎತ್ತಿ ಕೈ ಸೋತವು. ನಾಲ್ಕು ಜನಕ್ಕೆ ಎರಡೇ ಲೈಫ್ ಜಾಕೆಟ್ ಇದ್ದವು. ಯಾರಿಗೆ ಹಾಕುವುದು ಅಂತ ಒಬ್ಬರ ಮುಖ ಒಬ್ಬರು ನೋಡಿದ್ದು ಇವತ್ತಿಗೂ ನಿದ್ದೆ ಕೆಡಿಸುತ್ತದೆ. ಬಲೆ ಹಾಕಲು ಬಂದಿದ್ದ ಮೀನುಗಾರರಿಬ್ಬರು ಹಗ್ಗ ಕಟ್ಟಿ ದಂಡೆಗೆ ಎಳೆದು ತಂದರು. ಅವರ ಋಣ ತೀರಿಸಲು ಆಗದು.

ಈಗ ಉಲ್ಟಾ ದಾರಿಯಲ್ಲಿ ಮಾಡುತ್ತಿದ್ದೇವೆ. ಮೊದಲು ಮರ: ತುಕ್ಕು ಹಿಡಿದ ಕಬ್ಬಿಣದ ಮೊಳೆ ತೆಗೆಸಿ, ಮೆತ್ತಗಾದ ಹಲಗೆ ಬದಲಿಸಿದೆವು. ಆಮೇಲೆ ತಳಕ್ಕೆ ಎಷ್ಟು ದೊಡ್ಡ ಫ್ಯಾನ್ ಹಿಡಿಸುತ್ತದೆ ಅಂತ ಅಳೆದೆವು. ಅದಕ್ಕೆ ತಕ್ಕ ಗೇರ್‌ಬಾಕ್ಸ್, ಕೊನೆಗೆ ಎಂಜಿನ್. ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ತೂಗುಹಾಕುವ ಎಂಜಿನ್) ಕೂಡ ಯೋಚಿಸಿದ್ದೆವು, ಆದರೆ ನಮ್ಮ ದೋಣಿಯ ಹಿಂಬದಿ ಚೂಪು, ಕೂಡಿಸಲು ಹಲಗೆಯೇ ಇಲ್ಲ. ಬ್ಯಾಟರಿ ಮೋಟಾರ್ ನನಗೆ ಬಹಳ ಇಷ್ಟ. ಲೆಕ್ಕ ಹಾಕಿದರೆ 5 ಎಚ್‌ಪಿಗೆ ತಾಸಿಗೆ 3.7 ಯೂನಿಟ್ ಬೇಕು. 12 ವೋಲ್ಟ್, 150 ಎಎಚ್‌ನ ಮಾಮೂಲಿ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಅಂದರೆ ಒಂದರಿಂದ ಒಂದು ಯೂನಿಟ್‌ಗೂ ಕಡಿಮೆ. ನಾಲ್ಕು ಬ್ಯಾಟರಿ ಹೊತ್ತರೂ ಒಂದು ತಾಸಿಗೆ ಸಾಲದು.

ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆ ಊರುಗಳ ಗೋಡೆ, ಮರದ ಬೊಡ್ಡೆ ಮೇಲಕ್ಕೆ ಬರುತ್ತವೆ. ಫ್ಯಾನ್ ಕೆಳಗೆ ಕಬ್ಬಿಣದ ಪಟ್ಟಿ ಹಾಕಿಸಿ. ಎಂಜಿನ್ ಇರುವ ದೋಣಿಗಳಿಗೆ 2021ರ ಒಳನಾಡು ನೌಕೆ ಕಾಯ್ದೆಯಲ್ಲಿ ತಪಾಸಣೆ, ನೋಂದಣಿ ಇದೆ. ತಪ್ಪಿಸಿಕೊಳ್ಳಬೇಡಿ. ತಪಾಸಣೆ ಮಾಡುವವರು ಒಮ್ಮೆ ನೋಡಿದ್ದರೂ ನಮ್ಮ ದೋಣಿಯನ್ನು ನೀರಿಗೆ ಬಿಡುತ್ತಿರಲಿಲ್ಲ.

ಆ ಟೆಂಪೊ ಎಂಜಿನ್ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಹೋದ ತಿಂಗಳು ಆಚೆ ದಂಡೆಯವರೊಬ್ಬರು ದೋಣಿಗೆ ಬೇಕು ಅಂತ ಒಳ್ಳೆ ರೇಟು ಹೇಳಿದರು. ಕೊಡಲಿಲ್ಲ. ಅವರನ್ನು ಪಕ್ಕ ಕೂರಿಸಿಕೊಂಡು, ಆ ಸವೆದ ಗೇರ್‌ಬಾಕ್ಸ್ ಬಿಚ್ಚಿ ತೋರಿಸಿ ಕಳಿಸಿದೆ.