ಸೀಗೆಪುಡಿ ಮತ್ತು ‘ನೈಸರ್ಗಿಕ’ ಶಾಂಪೂ: ದೀರ್ಘ ಬಳಕೆಯ ನಂತರ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮಹಿಳಾ ಸ್ವಸಹಾಯ ಸಂಘವೊಂದು ಮಾಡುವ ಸೀಗೆಪುಡಿ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಅದರ ಜೊತೆಗೇ, ‘ನೈಸರ್ಗಿಕ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡ ಶಾಂಪೂ ಒಂದನ್ನೂ ಬಳಸುತ್ತಾ ಬಂದಿದ್ದೇನೆ. ಎರಡರಿಂದಲೂ ತಲೆ ಸ್ವಚ್ಛವಾಗುತ್ತದೆ. ಆದರೆ ಆ ಹೆಸರಿಗೆ ಯಾವುದು ಯೋಗ್ಯ ಎಂದು ಯಾರಾದರೂ ಕೇಳಿದರೆ, ಕೊಳೆ ತೆಗೆಯುವ ಕೆಲಸವನ್ನು ಯಾವ ವಸ್ತು ಮಾಡುತ್ತಿದೆ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ. ಬಾಟಲಿಯ ಮೇಲಿನ ಸೊಪ್ಪಿನ ಚಿತ್ರ ನೋಡಿ ತೀರ್ಮಾನಿಸುವುದು ಬೇಡ.

ಪುಡಿಯ ಪೊಟ್ಟಣದ ಮೇಲೆ ಇರುವುದು ಇಷ್ಟೇ: ಸೀಗೆಕಾಯಿ, ಅಂಟುವಾಳ, ಮೆಂತ್ಯ, ಒಣಗಿಸಿದ ದಾಸವಾಳದ ಎಲೆ, ಕರಿಬೇವು. ಸೀಗೆಯ ಸಿಪ್ಪೆಯಲ್ಲೂ ಅಂಟುವಾಳದ ಸಿಪ್ಪೆಯಲ್ಲೂ ಸಪೋನಿನ್ ಎಂಬ ನೊರೆ ಕೊಡುವ ವಸ್ತು ಇದೆ. ಎಣ್ಣೆ, ಕೊಳೆಯನ್ನು ಎತ್ತಿ ನೀರಿನೊಂದಿಗೆ ಕಳಿಸುವುದು ಅದೇ. ಮೆಂತ್ಯ ಮತ್ತು ದಾಸವಾಳದ ಲೋಳೆಯಿಂದ ಕೂದಲು ಸಿಕ್ಕಾಗದೆ ಬಾಚಣಿಗೆಗೆ ಸುಲಭವಾಗಿ ಬರುತ್ತದೆ. ಕಾಯಿಯನ್ನು ಒಣಗಿಸಿ, ಬೀಜ ತೆಗೆದು, ಗಿರಣಿಯಲ್ಲಿ ಬೀಸಿದ್ದಾರೆ. ಮರಬಳ್ಳಿಯಿಂದ ತಲೆಯವರೆಗೆ ಆಗಿರುವ ಬದಲಾವಣೆ ಅಷ್ಟೇ. ಮೂಗಿನ ಹತ್ತಿರ ತಂದರೆ ಸೀನು ಬರುತ್ತದೆ. ಹೊಸ ಪುಡಿಯ ಗುರುತು ಅದು.

ಬಳಸುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪುಡಿಯನ್ನು ಬೈಯುವ ಹೆಚ್ಚಿನವರು ಇಲ್ಲಿಯೇ ಸೋತಿರುತ್ತಾರೆ. ಅದನ್ನು ಒಣದಾಗಿ ತಲೆಗೆ ಹಾಕಬಾರದು. ಅನ್ನ ಬಸಿದ ಗಂಜಿ ತಿಳಿಯಲ್ಲಿ ಅಥವಾ ಬಿಸಿ ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ಚರಟ ಕೂದಲಲ್ಲಿ ಉಳಿಯುವುದಿಲ್ಲ, ಬಚ್ಚಲಿನ ಕೊಳವೆಯೂ ಕಟ್ಟುವುದಿಲ್ಲ. ನೊರೆ ಕಡಿಮೆ. ನೊರೆ ಕಾಣದಿದ್ದರೂ ಎಣ್ಣೆ ಬಿಟ್ಟಿರುತ್ತದೆ, ತಾಳ್ಮೆ ಇರಲಿ. ದೀಪಾವಳಿಯ ಎಣ್ಣೆಸ್ನಾನದಂದು ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಎರಡು ಸಲ ಹಾಕಬೇಕಾಗುತ್ತದೆ. ನಮ್ಮ ಶಿವಮೊಗ್ಗದ ಬಡಾವಣೆಯಲ್ಲಿ ಕೊಳವೆಬಾವಿಯ ಗಡಸು ನೀರು. ಅಂಥ ನೀರಿನಲ್ಲಿ ಸೋಪು ಬಿಳಿ ಪದರ ಕಟ್ಟುತ್ತದೆ, ಸೀಗೆ ಕಟ್ಟುವುದಿಲ್ಲ. ಸೀಗೆಯ ರಸ ಸ್ವಲ್ಪ ಆಮ್ಲೀಯ, ಸೋಪು ಕ್ಷಾರ. ಕೂದಲಿಗೆ ಹಿತವಾಗುವುದು ಮೊದಲನೆಯದೇ. ಕೈಯಿಂದ ಮಾಡಿದ ‘ನೈಸರ್ಗಿಕ’ ಸೋಪಿಗೂ ಈ ಮಾತು ಅನ್ವಯಿಸುತ್ತದೆ.

ನೈಸರ್ಗಿಕವಾದದ್ದೆಲ್ಲ ಮೃದು ಎಂದು ಮಾತ್ರ ನಂಬಬೇಡಿ. ಈ ಪುಡಿ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಅಂಟುವಾಳದ ಪಾಲು ಹೆಚ್ಚಾದ ಸಲ ಕೂದಲು ಹುಲ್ಲಿನಂತೆ ಒರಟಾಗುತ್ತದೆ. ಸಣ್ಣ ಮಕ್ಕಳಿಗೆ ನಾನು ಇದನ್ನು ಹಾಕುವುದಿಲ್ಲ; ಅವರಿಗೆ ದಾಸವಾಳದ ಎಲೆ ಕಿವುಚಿದ ಲೋಳೆಯೇ ಸಾಕು.

ಇನ್ನು ಶಾಂಪೂ. ಅದು ಆಯುರ್ವೇದದ ಪರವಾನಗಿಯಲ್ಲಿ ಬರುವಂಥದ್ದು. ಹಿಂದಿನ ಪಟ್ಟಿಯಲ್ಲಿ ಗರುಗ, ನೆಲ್ಲಿ, ಸೀಗೆ ಎಲ್ಲವೂ ಇವೆ, ಒಂದೊಂದೂ ಮಿಲಿಗ್ರಾಂ ಲೆಕ್ಕದಲ್ಲಿ. ಕೊನೆಯಲ್ಲಿ ‘ಶಾಂಪೂ ಬೇಸ್, ಸಾಕಾಗುವಷ್ಟು’ ಎಂಬ ಒಂದು ಸಾಲು. ಬಾಟಲಿಯ ಬಹುಪಾಲು ಇರುವುದೂ, ತಲೆ ತೊಳೆಯುವುದೂ ಆ ಬೇಸ್. ಅದರಲ್ಲಿ ಏನಿದೆ ಎಂದು ಬರೆದಿಲ್ಲ. ನನಗೆ ನಿಜಕ್ಕೂ ಕೋಪ ಬರುವುದು ಇದಕ್ಕೆ. ಸೌಂದರ್ಯವರ್ಧಕದ ಪರವಾನಗಿಯಲ್ಲಿ ಬರುವ ಸಾಮಾನ್ಯ ಶಾಂಪೂವಿನಲ್ಲಿ ವಸ್ತುಗಳ ಪಟ್ಟಿಯನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಕೊಡಬೇಕು. ಅಲ್ಲಿ ಮೊದಲು ನೀರು, ಆಮೇಲೆ ಸೋಡಿಯಂ ಲಾರೆತ್ ಸಲ್ಫೇಟ್‌ನಂಥ ನೊರೆಕಾರಕದ ಹೆಸರು, ಬಹಳ ಕೆಳಗೆ ಸೊಪ್ಪಿನ ಸಾರ ಕಾಣಿಸುತ್ತದೆ. ಓದಲು ಹಿತವಲ್ಲದಿದ್ದರೂ ಅದು ಪ್ರಾಮಾಣಿಕ.

‘ತೆಂಗಿನಿಂದ ತಯಾರಾದ ನೊರೆಕಾರಕ’ ಎಂಬ ಮಾತಿಗೂ ಮರುಳಾಗಬಾರದು. ಸಲ್ಫೇಟುಗಳ ಕೊಬ್ಬಿನ ಭಾಗ ಎಷ್ಟೋ ಸಲ ತೆಂಗು ಅಥವಾ ತಾಳೆಯ ಎಣ್ಣೆಯಿಂದಲೇ ಬರುತ್ತದೆ. ಆ ಎಣ್ಣೆಯನ್ನು ಕಾರ್ಖಾನೆಯಲ್ಲಿ ಹಲವು ರಾಸಾಯನಿಕ ಕ್ರಿಯೆಗಳಿಗೆ ಒಳಪಡಿಸಿದ ಮೇಲೆ ಉಳಿದದ್ದನ್ನು ನಮ್ಮ ತೋಟದ ಕಾಯಿಯ ಹೆಸರಿನಲ್ಲಿ ಮಾರುವುದು ನನಗೆ ಒಪ್ಪಿಗೆಯಿಲ್ಲ. ‘ಶೇಕಡಾ ಇಷ್ಟು ನೈಸರ್ಗಿಕ ಮೂಲ’ ಎಂಬ ಲೆಕ್ಕಕ್ಕೆ ಐಎಸ್‌ಒ 16128 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ನೀರನ್ನೂ ನೈಸರ್ಗಿಕವೆಂದು ಎಣಿಸಬಹುದು. ಮುಕ್ಕಾಲು ಪಾಲು ನೀರೇ ಇರುವ ಬಾಟಲಿ ದೊಡ್ಡ ಅಂಕಿ ಪಡೆಯುವುದು ಕಷ್ಟವೇನಲ್ಲ.

ಆದರೂ ಶಾಂಪೂವನ್ನು ಪೂರ್ತಿ ಬಿಟ್ಟಿಲ್ಲ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಕೂದಲೇ ಒಣಗದಿರುವಾಗ, ಬೆಳಿಗ್ಗೆ ಬಸ್ಸಿಗೆ ಓಡಬೇಕಾದವರಿಗೆ ಸೀಗೆ ಸೋಸಿಕೊಂಡು ಕೂರುವ ವ್ಯವಧಾನ ಇರುವುದಿಲ್ಲ. ಸಂರಕ್ಷಕಗಳ ಬಗ್ಗೆಯೂ ನನಗೆ ದ್ವೇಷವಿಲ್ಲ. ಕಲಸಿದ ಸೀಗೆಯನ್ನು ಮರುದಿನಕ್ಕೆ ಇಟ್ಟರೆ ಹುಳಿ ವಾಸನೆ ಬರುತ್ತದೆ. ನೀರು, ಸೊಪ್ಪಿನ ರಸ ಎರಡೂ ಇರುವ ಬಾಟಲಿ ಮಲೆನಾಡಿನ ತೇವದಲ್ಲಿ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆಂದರೆ ಅದನ್ನು ಕಾಯುವ ವಸ್ತು ಒಳಗೆ ಇರಲೇಬೇಕು. ಇದ್ದದ್ದನ್ನು ಹೆಸರಿಸಿದರೆ ಸಾಕು.

ಕೂದಲಿಗೆ ಹಚ್ಚುವ ಬಣ್ಣದ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಮದರಂಗಿಯ ಎಲೆ ಕೊಡುವುದು ಕೆಂಪು ಛಾಯೆಯ ಕಿತ್ತಳೆ ಬಣ್ಣವನ್ನು ಮಾತ್ರ. ಗಿಡಗಳಿಂದಲೇ ಕಪ್ಪು ಬೇಕೆಂದರೆ ಮದರಂಗಿಯ ಮೇಲೆ ನೀಲಿ ಗಿಡದ ಪುಡಿ ಹಚ್ಚಿ ಗಂಟೆಗಟ್ಟಲೆ ಕಾಯಬೇಕು. ಅರ್ಧ ಗಂಟೆಯೊಳಗೆ ಕಡುಗಪ್ಪು ಮಾಡುವ ‘ಹರ್ಬಲ್ ಕಪ್ಪು ಮೆಹಂದಿ’ ಪೊಟ್ಟಣ ಕಂಡರೆ ಹಿಂಬದಿಯಲ್ಲಿ ಪ್ಯಾರಾಫೆನಿಲೀನ್‌ಡೈಅಮೀನ್ ಅಥವಾ ಪಿಪಿಡಿ ಎಂಬ ಕೃತಕ ಬಣ್ಣದ ರಾಸಾಯನಿಕದ ಹೆಸರಿದೆಯೇ ಎಂದು ಓದಿ. ಕೆಲವರಿಗೆ ಅದರಿಂದ ತೀವ್ರ ಅಲರ್ಜಿಯಾಗಿ ನೆತ್ತಿ, ಮುಖ ಊದಿಕೊಳ್ಳುತ್ತವೆ. ಆದ್ದರಿಂದ ಹಚ್ಚುವುದಕ್ಕೆ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ನಮ್ಮ ಅತ್ತೆಯವರು ಈಗ ಬರಿಯ ಮದರಂಗಿಗೆ ಬಂದಿದ್ದಾರೆ. ಕೆಂಪು ಕೂದಲು ಅವರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಸೀಗೆಪುಡಿಯ ಬೆಲೆಗೆ ನನ್ನ ತಕರಾರಿಲ್ಲ. ಉದ್ದ ಕೂದಲಿನವರಿಗೂ ಒಂದು ಪೊಟ್ಟಣ ಬಹಳ ದಿನ ಬರುತ್ತದೆ. ತಲೆಹೊಟ್ಟು ಗುಣವಾಗುತ್ತದೆ, ಕೂದಲು ಉದುರುವುದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಕೊಳ್ಳಬೇಡಿ. ಅಂಥದ್ದೇನೂ ನನಗೆ ಕಂಡಿಲ್ಲ. ಶುದ್ಧವಾಗಿ ತೊಳೆಯುತ್ತದೆ, ಒಳಗೇನಿದೆ ಎಂದು ನನಗೆ ಗೊತ್ತಿದೆ, ಅದಕ್ಕಾಗಿ ಕೊಳ್ಳುತ್ತೇನೆ. ಸ್ವತಃ ಮಾಡಿಕೊಳ್ಳುವವರು ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂದಿಗೆ ಅಂಗಡಿಗಳಲ್ಲಿ ಸೀಗೆಯನ್ನು ಮುರಿದು ನೋಡಿ ತೆಗೆದುಕೊಳ್ಳಿ. ಪಟ್ಟನೆ ಮುರಿಯಬೇಕು, ಬಾಗಿದರೆ ತೇವವಿದೆ ಎಂದರ್ಥ.

ದೊಡ್ಡ ಕೊರತೆ ಒಂದೇ. ಪೊಟ್ಟಣದ ಮೇಲೆ ಬೀಸಿದ ತಿಂಗಳು ಇಲ್ಲ. ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿ ಬೂಷ್ಟು ಹಿಡಿಯುತ್ತದೆ, ಆಗ ಎಸೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ತಿಂಗಳನ್ನು ಮುದ್ರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಕ್ಕ ಪೊಟ್ಟಣ ಮಾಡಿ ಎಂದು ಸಂಘದವರನ್ನು ಕೇಳಿದ್ದೇನೆ. ಈ ಪುಡಿ ಕೊಳ್ಳುವ ಉಳಿದವರೂ ಕೇಳಿದರೆ ಬೇಗ ಆದೀತು.