ಅಲ್ಸಾಸ್ ಹಳ್ಳಿಗಳ ಕ್ರಿಸ್ಮಸ್ ಮಾರ್ಕೆಟ್ ಟೂರ್‌ಗೆ ದುಡ್ಡು ಕಟ್ಟುವ ಮೊದಲು ಓದಿ

ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅಲ್ಸಾಸ್ ಕಡೆ ಹೋಗುವ ಯೋಚನೆ ಇದೆಯಾ? ಹಾಗಾದರೆ ಒಂದು ವಿಷಯ ಗೊತ್ತಿರಲಿ. ಅಲ್ಲಿನ ಹಳ್ಳಿಗಳಲ್ಲಿ ಕ್ರಿಸ್ಮಸ್ ಮಾರ್ಕೆಟ್, ಅಂದರೆ ಹಬ್ಬಕ್ಕೆ ಮೊದಲು ಹಾಕುವ ಸಂತೆ, ಎಲ್ಲಾ ಕಡೆ ದಿನಾ ಇರುವುದಿಲ್ಲ. ವಾರದ ಮಧ್ಯೆ "ಮೂರು ಹಳ್ಳಿ, ಮೂರು ಮಾರ್ಕೆಟ್" ಅಂತ ವ್ಯಾನ್ ಟೂರ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಆದರೂ ಮಾರುತ್ತಾರೆ, ನಮಗೂ ಮಾರಿದರು.

ನಾವಿರುವುದು ಜರ್ಮನಿಯಲ್ಲಿ. ಹೋದ ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದರು, ಅಮ್ಮನಿಗೆ ಮಂಡಿನೋವು, ಆದ್ದರಿಂದ ರೈಲು ಬಸ್ಸು ಹತ್ತಿಸಿ ಇಳಿಸುವ ರಗಳೆ ಬೇಡ ಅಂತ ಅಲ್ಸಾಸ್‌ನ ದೊಡ್ಡ ನಗರ ಸ್ಟ್ರಾಸ್‌ಬುರ್ಗ್‌ನಿಂದ ಹೊರಡುವ ಒಂದು ವ್ಯಾನ್ ಟೂರ್ ಬುಕ್ ಮಾಡಿದೆವು. ತಲಾ ನೂರು ಯೂರೋಗೂ ಜಾಸ್ತಿ. ಜಾಹೀರಾತಿನ ಫೋಟೋದಲ್ಲಿ ಹಳೇ ಕಾಲದ ವೇಷ ಹಾಕಿದ ಜನ, ಬೆಂಕಿಯ ಮೇಲೆ ಸುಡುತ್ತಿರುವ ಇಡೀ ಹಂದಿ, ನೆಲಕ್ಕೆಲ್ಲ ಹುಲ್ಲು. ಅದು ರಿಬೋವಿಲೆ ಊರಿನ ಮಧ್ಯಯುಗದ ಮಾರ್ಕೆಟ್. ನಮ್ಮ ಟೂರ್ ಇದ್ದದ್ದು ಬುಧವಾರ.

ರಿಬೋವಿಲೆಗೆ ಹೋಗಿ ಇಳಿದರೆ ಒಂದು ಅಂಗಡಿಯೂ ಹಾಕಿಲ್ಲ. ಊರು ಚೆಂದವೇ, ಇಲ್ಲ ಅನ್ನುವುದಿಲ್ಲ. ಬೆಟ್ಟದ ಮೇಲೆ ಮೂರು ಪಾಳುಕೋಟೆಗಳು, ಕೆಳಗೆ ಉದ್ದದ ಬೀದಿ, ಕಿಟಕಿಗಳಿಗೆಲ್ಲ ದೀಪ. ಆದರೆ ಆ ಮಾರ್ಕೆಟ್ ನಡೆಯುವುದು ಡಿಸೆಂಬರ್‌ನ ಎರಡೇ ಎರಡು ವಾರಾಂತ್ಯ! ಡ್ರೈವರನ್ನು ಕೇಳಿದರೆ, "ವೀಕೆಂಡಿಗೆ ಬನ್ನಿ" ಅಂದ.

ಅಲ್ಲಿಂದ ಕೇಸರ್ಸ್‌ಬರ್ಗ್. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯ ಆಲ್ಬರ್ಟ್ ಶ್ವೈಟ್ಜರ್ 1875ರಲ್ಲಿ ಹುಟ್ಟಿದ ಊರು, 2017ರಲ್ಲಿ ಫ್ರಾನ್ಸಿನ ಜನ ತಮ್ಮ ಮೆಚ್ಚಿನ ಹಳ್ಳಿ ಅಂತ ಆರಿಸಿದ ಊರು. ಚರ್ಚಿನ ಹತ್ತಿರ ಮರದ ಗೂಡಂಗಡಿಗಳು ಸಾಲಾಗಿ ನಿಂತಿದ್ದವು, ಒಂದೊಂದರ ಸೂರಿಗೂ ಹಸಿರು ಕೊಂಬೆ ಕಟ್ಟಿ ಕೆಂಪು ರಿಬ್ಬನ್ ಸುತ್ತಿದ್ದರು. ಬಾಗಿಲಿಗೆ ಮಾತ್ರ ಹಲಗೆ ಹಾಕಿ ಬೀಗ ಜಡಿದಿತ್ತು. ಪಕ್ಕದ ಬೋರ್ಡಿನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಅಂತ ದೊಡ್ಡಕ್ಷರದಲ್ಲಿ ಬರೆದಿದೆ. ಆ ಚಳಿಯಲ್ಲಿ ಅಮ್ಮ ಒಂದು ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟರು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಊಟದ್ದು ಇನ್ನೊಂದು ಕಥೆ. ಬುಕ್ ಮಾಡುವಾಗಲೇ ನಾಲ್ಕೂ ಜನ ಸಸ್ಯಾಹಾರಿಗಳು ಅಂತ ಬರೆದಿದ್ದೆವು, "ಆಯ್ತು" ಅಂತ ಉತ್ತರವೂ ಬಂದಿತ್ತು. ತಟ್ಟೆಗೆ ಬಂದದ್ದು ತಾರ್ತ್ ಫ್ಲಾಂಬೆ. ತೆಳ್ಳಗಿನ ಹಿಟ್ಟಿನ ಮೇಲೆ ಕ್ರೀಮು, ಈರುಳ್ಳಿ, ಅದರ ಮೇಲೆ ಲಾರ್ದೋಂ, ಅಂದರೆ ಹಂದಿ ಮಾಂಸದ ಸಣ್ಣ ಚೂರುಗಳು. ವಾಪಸ್ ಕೊಟ್ಟರೆ ಚೂರುಗಳನ್ನು ಆರಿಸಿ ತೆಗೆದು ಅದನ್ನೇ ತಂದಿಟ್ಟರು. ಅಪ್ಪ ಮುಟ್ಟಲಿಲ್ಲ. ಸುಟ್ಟ ಚೆಸ್ಟ್‌ನಟ್ ಮತ್ತು ಬಿಸಿ ಸೇಬಿನ ರಸದಲ್ಲೇ ಅಪ್ಪ ಅಮ್ಮ ಇಬ್ಬರೂ ದಿನ ಕಳೆದರು. ಸಸ್ಯಾಹಾರಿಗಳು ಯಾರೇ ಹೋಗಲಿ, ಆರ್ಡರ್ ಕೊಡುವಾಗಲೇ "ಸಾಂ ಲಾರ್ದೋಂ" ಅನ್ನಿ, ಆ ಚೂರು ಹಾಕದೆ ಹೊಸದಾಗಿ ಮಾಡಿಕೊಡುತ್ತಾರೆ.

ನಿಜವಾಗಿ ಮಾರ್ಕೆಟ್ ನಡೆಯುತ್ತಿದ್ದದ್ದು ರಿಕ್‌ವೀರ್‌ನಲ್ಲಿ ಮಾತ್ರ. ಅದನ್ನು ಕೊನೆಗೆ ಇಟ್ಟಿದ್ದರು. ಅಲ್ಲಿ ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲು. ನಾವು ತಲುಪುವಾಗ ಕತ್ತಲಾಗಿಯೇ ಹೋಗಿತ್ತು, ಅಂಗಡಿ ಮುಚ್ಚುವ ಹೊತ್ತು ಹತ್ತಿರ, ಕಲ್ಲುಹಾಸಿನ ಏರುಬೀದಿಯಲ್ಲಿ ಅಮ್ಮನಿಗೆ ಬೇಗ ನಡೆಯಲಾಗುವುದಿಲ್ಲ. ಒಂದು ಪೊಟ್ಟಣ ಬ್ರೆಡೆಲೆ ಬಿಸ್ಕತ್ತು ತಗೊಂಡು ವ್ಯಾನಿಗೆ ಓಡಿದೆವು.

ದುಡ್ಡು ವಾಪಸ್ ಕೇಳಿದಾಗ ಬಂದ ಉತ್ತರ ಇದು: ನಾವು ಕೊಟ್ಟದ್ದು "ಹಳ್ಳಿಗಳ ಭೇಟಿ", ಮಾರ್ಕೆಟ್ ಇರುವುದು ಬಿಡುವುದು ಆಯಾ ಊರಿಗೆ ಬಿಟ್ಟದ್ದು. ಹಾಗಾದರೆ ಹೆಸರಲ್ಲಿ ಮಾರ್ಕೆಟ್ ಅಂತ ಯಾಕೆ ಇಟ್ಟಿರಿ? ಬುಧವಾರದ ಟೂರ್‌ಗೆ ವಾರಾಂತ್ಯದ ಫೋಟೋ ಯಾಕೆ ಹಾಕಿದಿರಿ? ಇದಕ್ಕೆ ಉತ್ತರವಿಲ್ಲ. ಇದು ಮೋಸವೇ, ಬೇರೆ ಹೆಸರಿಲ್ಲ.

ಹೋಗುವುದಾದರೆ ಆಯಾ ಊರಿನ ಪ್ರವಾಸಿ ಕಚೇರಿ ಆ ವರ್ಷಕ್ಕೆ ಹಾಕಿದ ತಾರೀಖುಗಳನ್ನೇ ನೋಡಿ, ಟೂರ್‌ನವರ ಮಾತು ನಂಬಬೇಡಿ. ರಿಕ್‌ವೀರ್, ಎಗಿಸ್‌ಹೈಮ್‌ಗಳಲ್ಲಿ ವಾರದ ದಿನಗಳಲ್ಲೂ ಮಾರ್ಕೆಟ್ ಸಿಗುತ್ತದೆ. ಅಡ್ವೆಂಟ್ ವಾರಾಂತ್ಯಗಳಲ್ಲಿ, ಅಂದರೆ ಕ್ರಿಸ್ಮಸ್‌ಗೆ ಮೊದಲಿನ ಸುಮಾರು ನಾಲ್ಕು ವಾರಗಳ ವಾರಾಂತ್ಯಗಳಲ್ಲಿ, ಹತ್ತಿರದ ಕೋಲ್ಮಾರ್ ಪಟ್ಟಣದಿಂದ ಈ ಹಳ್ಳಿಗಳಿಗೆ ವಿಶೇಷ ಬಸ್ಸು ಬಿಡುತ್ತಾರೆ. ಸ್ಟ್ರಾಸ್‌ಬುರ್ಗ್‌ನಿಂದ ಕೋಲ್ಮಾರ್‌ಗೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಕೊನೇ ಬಸ್ಸಿನ ಸಮಯ ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ, ರಾತ್ರಿ ಹಳ್ಳಿಯಲ್ಲಿ ಟ್ಯಾಕ್ಸಿ ಸಿಗುವುದು ಕಷ್ಟ. ಊರಿಂದ ಬರುವವರು ರಜೆ ನೋಡಿಕೊಂಡು ಡಿಸೆಂಬರ್ ಕೊನೇ ವಾರಕ್ಕೆ ಟಿಕೆಟ್ ಮಾಡುತ್ತಾರೆ, ಅಲ್ವಾ? ಅಷ್ಟು ಹೊತ್ತಿಗೆ ಎಷ್ಟೋ ಹಳ್ಳಿಗಳ ಮಾರ್ಕೆಟ್ ಎತ್ತಿಬಿಟ್ಟಿರುತ್ತಾರೆ. ಬಿಸಿ ಪಾನೀಯದ ಲೋಟಕ್ಕೆ ಡೆಪಾಸಿಟ್ ಹಿಡಿಯುತ್ತಾರೆ, ಲೋಟ ವಾಪಸ್ ಕೊಟ್ಟು ಇಸ್ಕೊಳ್ಳಿ.

ಟೂರೇ ಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು, "ನಾವು ಬರುವ ದಿನ ಯಾವ ಊರಿನಲ್ಲಿ ಮಾರ್ಕೆಟ್ ತೆರೆದಿರುತ್ತದೆ, ಎಷ್ಟು ಗಂಟೆಗೆ ಅಲ್ಲಿರುತ್ತೇವೆ" ಅಂತ ಕೇಳಿ ಬರಹದಲ್ಲೇ ಉತ್ತರ ತಗೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ, ಇನ್ನೂ ಇತ್ಯರ್ಥವಾಗಿಲ್ಲ. ಟೂರ್‌ನವರು ಈ ವರ್ಷವೂ ಅದೇ ಫೋಟೋ ಹಾಕಿಕೊಂಡು ಬುಧವಾರದ ಟೂರ್ ಮಾರುತ್ತಿದ್ದಾರೆ.