ಮೆಣಸಿನ ಬುಡದ ಬ್ಯಾಸಿಲಸ್‌ಗೆ ಹೆಸರಿಡಲು 16ಎಸ್ ಸಾಲದು, ಜೈರ್‌ಎ ಮಾಡಿಸಿ

ಕೊಡಗಿನ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಯ ಬುಡದ ಮಣ್ಣನ್ನು ಪ್ಲೇಟಿಗೆ ಹಾಕಿದರೆ ಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯಾ ಧಾರಾಳವಾಗಿ ಬೆಳೆಯುತ್ತದೆ. ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ತಡೆಯುವ ತಳಿ ಸಿಕ್ಕಿತು ಅನ್ನೋಣ. ಅದರ ಜಾತಿ ಸಬ್ಟಿಲಿಸ್ಸೋ, ವೆಲೆಜೆನ್ಸಿಸ್ಸೋ, ಅಮೈಲೊಲಿಕ್ವಿಫೇಸಿಯನ್ಸೋ? ಇದನ್ನು ತೀರ್ಮಾನಿಸಲು ನನ್ನ ಆಯ್ಕೆ, ಜೈರೇಸ್ ಎಂಬ ಕಿಣ್ವದ ಒಂದು ಭಾಗವನ್ನು ಮಾಡಿಸುವ ಜೈರ್‌ಎ ಜೀನ್.

ಬ್ಯಾಕ್ಟೀರಿಯಾ ಗುರುತಿಸಲು ಸಾಮಾನ್ಯವಾಗಿ ಓದಿಸುವ 16ಎಸ್ ರೈಬೊಸೋಮಲ್ ಆರ್‌ಎನ್‌ಎ ಜೀನ್ ಕುಲ ಹೇಳುತ್ತದೆ, ಅಷ್ಟೇ. ಈ ಮೂರರಲ್ಲೂ ಅದು 99%ಗಿಂತ ಹೆಚ್ಚು ಒಂದೇ. ಇನ್ನೂ ದೊಡ್ಡ ಕಿರಿಕಿರಿ ಬೇರೆಯಿದೆ. ಸಬ್ಟಿಲಿಸ್‌ನಲ್ಲಿ ಈ ಜೀನಿನ 10 ಪ್ರತಿಗಳಿವೆ. ಅವುಗಳಲ್ಲಿ ಕೆಲವಕ್ಕೆ ಒಂದು ಬೇಸ್ (ಡಿಎನ್‌ಎಯ ಒಂದು ಅಕ್ಷರ) ಹೆಚ್ಚೋ ಕಡಿಮೆಯೋ ಇದ್ದರೆ ಸಾಕು, ಆ ಜಾಗದವರೆಗೆ ಸ್ವಚ್ಛವಾಗಿದ್ದ, ಓದಿನ ಗ್ರಾಫ್‌ನಲ್ಲಿ ಅಲ್ಲಿಂದಾಚೆ ಕೊನೆಯವರೆಗೂ ಒಂದರ ಮೇಲೊಂದು ಎರಡೆರಡು ಪೀಕ್. ಕಲ್ಚರ್ ಕಲಬೆರಕೆಯಾಗಿದೆ ಎಂದುಕೊಂಡು ಮತ್ತೆ ಮತ್ತೆ ಸ್ಟ್ರೀಕ್ ಮಾಡಿ ಒಂಟಿ ಕಾಲೊನಿ ಆರಿಸಿದರೂ ಅದೇ ಪಾಡು.

ಇದು ಪ್ರತಿಗಳ ವ್ಯತ್ಯಾಸವೋ ಕಲಬೆರಕೆಯೋ ಎಂದು ಗುರುತಿಸುವುದು ಸುಲಭ: ಜೀನಿನ ಕೊನೆಯಿಂದ ಓದು ಶುರು ಮಾಡಿಸುವ 1492ಆರ್ ಪ್ರೈಮರ್‌ (ಚಿಕ್ಕ ಡಿಎನ್‌ಎ ತುಣುಕು) ಬಳಸಿ ಹಿಮ್ಮುಖ ಓದಿಸಿ. ಆ ಕಡೆಯಿಂದಲೂ ಅದೇ ಜಾಗದವರೆಗೆ ಸ್ವಚ್ಛವಾಗಿ ಬಂದು ಆಮೇಲೆ ಕೆಟ್ಟರೆ ಪ್ರತಿಗಳ ವ್ಯತ್ಯಾಸ. ನಿಜವಾದ ಕಲಬೆರಕೆಯಾದರೆ ಎರಡೂ ಕಡೆ ಜೋಡಿ ಪೀಕ್‌ಗಳು ಅಲ್ಲಲ್ಲಿ ಚದುರಿರುತ್ತವೆ. ಪ್ರತಿಗಳನ್ನು ಕ್ಲೋನ್ ಮಾಡಿ ಒಂದೊಂದಾಗಿ ಬೇರ್ಪಡಿಸಿ ಓದಿಸಿ ಸರಿಪಡಿಸಬಹುದು, ಆದರೆ ಬರೀ ಕುಲದ ಹೆಸರಿಗೆ ಅಷ್ಟು ಖರ್ಚು ದಂಡ.

ಜೈರ್‌ಎ ಒಂದೇ ಪ್ರತಿ, ಈ ತಾಪತ್ರಯವೇ ಇಲ್ಲ. 42ಎಫ್, 1066ಆರ್ ಪ್ರೈಮರ್‌ಗಳು ಸುಮಾರು 1,000 ಬೇಸ್ ಕೊಡುತ್ತವೆ. ಎರಡೂ ಕಡೆಯಿಂದ ಓದಿಸಿ, ಏಕೆಂದರೆ ಪ್ರತಿ ಓದಿನ ಮೊದಲ 30–50 ಬೇಸ್ ನಂಬುವಂತಿಲ್ಲ. ಪಿಸಿಆರ್ ಮಾಡಿ ಜೆಲ್‌ನಲ್ಲಿ ನೋಡಿದಾಗ ಬ್ಯಾಂಡ್ ಬರದಿದ್ದರೆ ಪ್ರೈಮರನ್ನು ಬೈಯುವ ಮೊದಲು ಡಿಎನ್‌ಎ ನೋಡಿ. ಹಳೆಯ ಪ್ಲೇಟಿನಲ್ಲಿ ಬಹುಪಾಲು ಸ್ಪೋರ್ (ಗಟ್ಟಿ ಕವಚದ ಸುಪ್ತ ಕೋಶ) ಇರುತ್ತವೆ, ಕುದಿಸಿದರೂ ಒಡೆಯುವುದಿಲ್ಲ. ರಾತ್ರಿ ಬೆಳೆಸಿದ ಎಳೆಯ ಕಲ್ಚರ್ ತೆಗೆದುಕೊಂಡು, ಕೋಶಗೋಡೆ ಒಡೆಯುವ ಕಿಣ್ವ ಲೈಸೋಜೈಮ್ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ.

ಹೋಲಿಸುವುದು ಟೈಪ್ ಸ್ಟ್ರೇನ್‌ಗಳ (ಆಯಾ ಜಾತಿಗೆ ಅಧಿಕೃತ ಮಾದರಿಯಾದ ತಳಿಗಳ) ಜೊತೆಗೆ ಮಾತ್ರ. ಡೇಟಾಬೇಸಿನಲ್ಲಿ ಹಳೆಯ ಹೆಸರುಗಳು ಹಾಗೇ ಉಳಿದಿವೆ. ಹೆಸರಾಂತ ಎಫ್‌ಜೆಡ್‌ಬಿ42 ತಳಿಯೇ ಮೊದಲು ಅಮೈಲೊಲಿಕ್ವಿಫೇಸಿಯನ್ಸ್ ಎನಿಸಿಕೊಂಡಿತ್ತು, ಈಗ ವೆಲೆಜೆನ್ಸಿಸ್.

ಅದೇ ಕಿಣ್ವದ ಇನ್ನೊಂದು ಭಾಗದ ಜೀನ್ ಜೈರ್‌ಬಿ ಕೂಡ ಒಳ್ಳೆಯದೇ. ಆದರೆ ಅದಕ್ಕೆ ಬಳಸುವ ಯುಪಿ-1, ಯುಪಿ-2ಆರ್ ಡಿಜೆನರೇಟ್ ಪ್ರೈಮರ್‌ಗಳು (ಕೆಲವು ಜಾಗಗಳಲ್ಲಿ ಬೇರೆ ಬೇರೆ ಬೇಸ್ ಇರುವ ಮಿಶ್ರಣ), ಹತ್ತಿರದ ಬಂಧುವಾದ ಪಾರ್‌ಇ ಜೀನನ್ನೂ ಎತ್ತಬಲ್ಲವು. ಓದಿಸಲು, ಆ ಪ್ರೈಮರ್‌ಗಳ ಬಾಲಕ್ಕೆ ಹೊಂದುವ ಬೇರೆಯೇ ಪ್ರೈಮರ್ ಕಳಿಸಬೇಕು.

ಇಡೀ ಜೀನೋಮ್ ಓದಿಸಿ ಟೈಪ್ ಸ್ಟ್ರೇನ್ ಜೊತೆಗಿನ ಎಎನ್‌ಐ (ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ) 95–96% ದಾಟಿತೇ ಎಂದು ನೋಡುವುದೇ ಕೊನೆಯ ಮಾತು. ಜೈವಿಕ ಗೊಬ್ಬರವಾಗಿ ಮಾರುವ ಒಂದೇ ತಳಿಗೆ ಆ ದುಡ್ಡು ಹಾಕಿ. ಇಪ್ಪತ್ತು ಐಸೊಲೇಟ್ ಇಟ್ಟುಕೊಂಡ ಸಣ್ಣ ಲ್ಯಾಬಿಗೆ ಜೈರ್‌ಎ ಸಾಕು.

ಒಂದು ಎಚ್ಚರ: 16ಎಸ್ ‘ಬ್ಯಾಸಿಲಸ್ ಸೀರಿಯಸ್’ (cereus) ಗುಂಪು ಎಂದು ತೋರಿಸಿದರೆ 42ಎಫ್, 1066ಆರ್ ಪ್ರೈಮರ್‌ಗಳನ್ನು ಹಾಕಬೇಡಿ, ಅವು ಸಬ್ಟಿಲಿಸ್ ಗುಂಪಿಗೆ ಮಾಡಿದವು. ಆ ಗುಂಪಿನಲ್ಲಿ ಆಹಾರ ವಿಷವಾಗಿಸುವ ತಳಿಗಳಿವೆ, ಆದ್ದರಿಂದ ಅದನ್ನು ತೋಟಕ್ಕೂ ಬಿಡಬೇಡಿ.